ಮೆಷಿನ್ ಬಿಚ್ಚುವ ಮೊದಲು ಲೈನ್ ನೋಡಿ: ಮೂರು ವರ್ಷದ ಮಗುವಿನ ಗಲೀಜು ದೋಷಗಳ ಪತ್ತೆ

ನಾನು ಹೊಟ್ಟೆಪಾಡಿಗೆ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀನಿಯರ್ ಒಬ್ಬರು ಒಂದೇ ಒಂದು ಪಾಠ ಹೇಳಿಕೊಟ್ಟರು. "ಮೆಷಿನ್ ಬಿಚ್ಚೋ ಮೊದಲು ಲೈನ್ ನೋಡು." ಕಂಪ್ಲೇಂಟ್ ಬಂತು ಅಂತ ಓಡಿಹೋಗಿ ಸ್ಕ್ರೂ ಡ್ರೈವರ್ ಹಿಡಿಯಬಾರದು. ಪ್ಲಗ್ ಸರಿಯಾಗಿ ಕೂತಿದೆಯಾ, ಅರ್ಥಿಂಗ್ ಇದೆಯಾ, ಅದೇ ಲೈನಿಗೆ ಯಾರಾದರೂ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದ್ದಾರಾ ನೋಡಬೇಕು. ಎಷ್ಟೋ ಸಲ ಮೆಷಿನ್ ಗುಂಡುಕಲ್ಲಿನ ಹಾಗೆ ಇರುತ್ತದೆ. ತೊಂದರೆ ಇರುವುದು ಗೋಡೆಯೊಳಗೆ.

ನಮ್ಮ ಮನೆಯ ಮೆಷಿನ್ನಿಗೆ ಮೂರು ತುಂಬಲು ಇನ್ನೆರಡು ತಿಂಗಳು ಬಾಕಿ. ತೂಕ ಹದಿಮೂರು ಕಿಲೋ. ಹೆಸರು ಪುಟ್ಟಿ ಅಂತಿಟ್ಟುಕೊಳ್ಳಿ. ದಿನಕ್ಕೆ ಹತ್ತು ಕಂಪ್ಲೇಂಟಾದರೂ ಬರುತ್ತದೆ. ಬರೆದುಕೊಳ್ಳುವವನು ನಾನು, ಅಟೆಂಡ್ ಮಾಡುವವನೂ ನಾನೇ. ಕೆಲಸ ಮುಗಿದಿದೆ ಅಂತ ಒಪ್ಪಿ ಸಹಿ ಹಾಕುವವಳು ಮಾತ್ರ ಹೆಂಡತಿ. ಆ ಸಹಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಅಂಥ ಕೆಲವು ಕಂಪ್ಲೇಂಟುಗಳನ್ನು ನಮ್ಮ ಸರ್ವೀಸ್ ಶೀಟಿನ ಧಾಟಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆ: ಕರೆಂಟ್ ಇದೆಯಾ?

ಯಾವ ಗಲೀಜೇ ಆಗಿರಲಿ, ಮೊದಲು ಕೇಳಬೇಕಾದ್ದು ಎರಡು ಪ್ರಶ್ನೆ. ಮಗು ಮಧ್ಯಾಹ್ನ ಮಲಗಿತ್ತಾ? ಹೊಟ್ಟೆಗೆ ಏನು ಬಿದ್ದಿದೆ?

ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಧ್ಯಾಹ್ನದ ನಿದ್ದೆಯೂ ಇದರಲ್ಲಿ ಸೇರಿದೆ. ಬ್ಯಾಟರಿ ಇಳಿದಾಗ ಯುಪಿಎಸ್ ಬೀಪ್ ಬೀಪ್ ಅಂತ ಮೊದಲೇ ಹೇಳುತ್ತದೆ. ಪುಟ್ಟಿ ಬೀಪ್ ಅನ್ನುವುದಿಲ್ಲ, ಸುರಿಯುತ್ತಾಳೆ.

ಒಂದು ಮದುವೆ ಮನೆಯಲ್ಲಿ ಇವಳ ಮಧ್ಯಾಹ್ನದ ನಿದ್ದೆ ಪೂರ್ತಿ ತಪ್ಪಿತು. ಪಂಕ್ತಿಯಲ್ಲಿ ನನ್ನ ತೊಡೆ ಮೇಲೆ ಕೂತಿದ್ದಳು. ಬಡಿಸುವವರು ಬಂದರು, ಹೋದರು. ಇವಳು ಅವರನ್ನೇ ನೋಡುತ್ತಿದ್ದಳು. ಪಕ್ಕದವರ ಜೊತೆ ಎರಡು ಮಾತಾಡಿ ಈ ಕಡೆ ತಿರುಗುವಷ್ಟರಲ್ಲಿ ಎದೆಗೆ ಬೆಚ್ಚಗೆ ಏನೋ ತಾಗಿತು. ನನ್ನ ಹೊಸ ಶರ್ಟಿನ ಜೇಬಿಗೆ ಚಮಚದಲ್ಲಿ ಶಾವಿಗೆ ಪಾಯಸ ಬಡಿಸುತ್ತಿದ್ದಾಳೆ. ಮೂರನೇ ಚಮಚ. "ಸಾಕಾ? ಇನ್ನೊಂಚೂರು?" ಅಂತ ಉಪಚಾರ ಬೇರೆ. ಅದು ಗಲೀಜೇ. ಆದರೆ ಬಡಿಸುವ ಕ್ರಮ ಮಾತ್ರ ಒಂದಿಷ್ಟೂ ತಪ್ಪಿರಲಿಲ್ಲ.

ರಿಪೇರಿ: ಬೈಯಬೇಡಿ, ಮಲಗಿಸಿ. ಜೇಬಿನಲ್ಲಿ ಬಸ್ ಟಿಕೆಟ್ ಇದ್ದರೆ ಬಿಟ್ಟುಬಿಡಿ. ಫೋನ್ ಇದ್ದರೆ ಕೂಡಲೇ ಆಫ್ ಮಾಡಿ, ಒರೆಸಿ, ಗಾಳಿಗೆ ಇಡಿ. ಅಕ್ಕಿ ಡಬ್ಬಕ್ಕೆ ಹೂಳುವ ಉಪಾಯ ಎಲ್ಲರೂ ಹೇಳುತ್ತಾರೆ. ಅದರ ಧೂಳು ಹೋಗಿ ಚಾರ್ಜಿಂಗ್ ತೂತಿನಲ್ಲಿ ಕೂರುತ್ತದೆ ಅಷ್ಟೇ.

ಲಕ್ಷಣ: ಮನೆಯಲ್ಲಿ ಸದ್ದಿಲ್ಲ

ಇದು ಎಲ್ಲಕ್ಕಿಂತ ದೊಡ್ಡ ಅಲಾರಂ. ಮಗು ಕಿರುಚುತ್ತಿದ್ದರೆ ಎಲ್ಲವೂ ಸರಿಯಾಗಿದೆ ಅಂತ ಅರ್ಥ. ಅಳುತ್ತಿದ್ದರೂ ತೊಂದರೆಯಿಲ್ಲ. ಒಂದು ನಿಮಿಷಕ್ಕಿಂತ ಜಾಸ್ತಿ ಸದ್ದಿಲ್ಲ ಅಂದರೆ ಎಲ್ಲೋ ಒಂದು ಡಬ್ಬದ ಮುಚ್ಚಳ ತೆರೆದಿದೆ.

ಹೋದ ಶ್ರಾವಣದ ಒಂದು ಭಾನುವಾರ. ನಾನು ಪೇಪರ್ ಓದುತ್ತಿದ್ದೆ. ಸದ್ದಿಲ್ಲ ಅಂತ ತಲೆಗೆ ಹೋಗಲು ನಾಲ್ಕು ನಿಮಿಷ ಬೇಕಾಯಿತು. ಅಡುಗೆಮನೆಗೆ ಹೋದರೆ ರಾಗಿ ಹಿಟ್ಟಿನ ಡಬ್ಬ ಅಡ್ಡ ಬಿದ್ದಿದೆ. ಐದು ಕಿಲೋ ಹಿಡಿಯುವ ಡಬ್ಬ, ಹಿಂದಿನ ದಿನವಷ್ಟೇ ಗಿರಣಿಗೆ ಹಾಕಿಸಿ ತಂದದ್ದು. ಮಧ್ಯದಲ್ಲಿ ಪುಟ್ಟಿ ಕಾಲು ಚಾಚಿ ಕೂತಿದ್ದಾಳೆ. ಹಣೆಗೆ ಮೂರು ಬೆರಳಲ್ಲಿ ಅಡ್ಡಡ್ಡ ಹಿಟ್ಟು ಬಳಿದುಕೊಂಡಿದ್ದಾಳೆ, ತಾತ ವಿಭೂತಿ ಹಚ್ಚುವ ಹಾಗೆ. ಕಣ್ಣು ಮುಚ್ಚಿದೆ. ತುಟಿ ಪಿಟಿಪಿಟಿ ಅನ್ನುತ್ತಿದೆ. ರೆಪ್ಪೆಯ ಕೂದಲ ಮೇಲೂ ಹಿಟ್ಟು.

"ಏನೇ ಇದು?" ಅಂದೆ.

ಒಂದು ಕಣ್ಣು ತೆರೆದಳು. "ಶ್... ಪೂಜೆ."

ಆಮೇಲೆ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಕಸ ಗುಡಿಸುವ ಮೊದಲು ಒದ್ದೆ ಬಟ್ಟೆ ತಂದೆ. ರಾಗಿ ಹಿಟ್ಟಿಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಮುದ್ದೆ ತಿಂದು ಬೆಳೆದವನಿಗೆ ಗೊತ್ತಿರಬೇಕಿತ್ತು. ನೆಲವೆಲ್ಲ ಅಂಟು. ಟೈಲ್ಸ್ ಸಂದಿಯೊಳಗೆ ಹೋಗಿ ಕೂತದ್ದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ದಿನ ಕೆತ್ತಿದೆ. ಇದು ಸಾಲದು ಅಂತ, ನೆಲ ಬೇಗ ಒಣಗಲಿ ಎಂದು ಫ್ಯಾನ್ ಹಾಕಿದೆ. ಮಿಕ್ಕಿದ್ದ ಒಣ ಹಿಟ್ಟು ಹಾಲಿನ ತನಕ ಹೋಯಿತು.

ಸರಿಯಾದ ಕ್ರಮ ಹೀಗೆ. ಫ್ಯಾನ್ ಆಫ್. ಮಗುವನ್ನು ಎತ್ತಬೇಡಿ, ಇದ್ದಲ್ಲೇ ಇರಲಿ. ಎತ್ತಿದರೆ ಹಿಟ್ಟು ನಿಮ್ಮ ಜೊತೆ ಬಚ್ಚಲಿನ ತನಕ ಬರುತ್ತದೆ. ಒಣ ಬಟ್ಟೆಯಲ್ಲಿ ಮಗುವಿನ ಕೈಕಾಲು ಒರೆಸಿ. ನೆಲವನ್ನು ಮೆತ್ತನೆಯ ಪೊರಕೆಯಲ್ಲಿ ಎರಡು ಸಲ ಗುಡಿಸಿ. ಒದ್ದೆ ಬಟ್ಟೆ ಕಟ್ಟಕಡೆಗೆ.

ನಾನು ಪುಟ್ಟಿಯನ್ನು ಎತ್ತಿರಲಿಲ್ಲ, ಅವಳೇ ಎದ್ದು ಓಡಿದಳು. ಅಡುಗೆಮನೆಯಿಂದ ದೇವರ ಮನೆಯ ತನಕ ಪುಟ್ಟ ಪುಟ್ಟ ಪಾದ. ಅಮ್ಮ ದೇವರ ಮನೆ ಬಾಗಿಲಲ್ಲಿ ನಿಂತು ನೋಡಿದರು. "ಅಷ್ಟಮಿ ದಿನ ಹಿಟ್ಟಲ್ಲಿ ಮುಷ್ಟಿ ಅದ್ದಿ ಅದ್ದಿ ಇದನ್ನೇ ತಾನೇ ನಾವು ಬಿಡಿಸೋದು? ಈ ಸಲ ಸೊಂಟ ಬಗ್ಗಿಸೋ ಕೆಲಸ ಉಳೀತು" ಅಂದರು. ಆ ಪಾದಗಳನ್ನು ಸಂಜೆಯ ತನಕ ಒರೆಸಲು ಬಿಡಲಿಲ್ಲ.

ಲಕ್ಷಣ: ಕೈಗೆ ಕೊಟ್ಟದ್ದೆಲ್ಲ ಕೆಳಗೆ

ಇದು ಪುಟ್ಟಿಗೆ ಒಂದು ವರ್ಷವಿದ್ದಾಗಿನ ಕಂಪ್ಲೇಂಟ್. ಸ್ಟೀಲ್ ಚಮಚ ಕೊಟ್ಟರೆ ಬೀಳಿಸುತ್ತಿದ್ದಳು. ಎತ್ತಿ ಕೊಟ್ಟರೆ ಮತ್ತೆ ಠಣ್. ಒಂದು ರಾತ್ರಿ ಎಣಿಸಿದೆ. ಹನ್ನೊಂದು ಸಲ. ಕೈ ಹಿಡಿತದಲ್ಲೇ ಏನೋ ದೋಷವಿದೆ ಅಂತ ನನ್ನ ಅನುಮಾನ.

ನನ್ನ ಹೆಂಡತಿ ಟೀಚರ್. ಬಿ.ಎಡ್ ಓದಿದವರ ಬಾಯಲ್ಲಿ ಜೀನ್ ಪಿಯಾಜೆ ಹೆಸರು ಬಾರದೇ ಇರುವುದಿಲ್ಲ. ಸ್ವಿಟ್ಜರ್ಲೆಂಡಿನ ಈ ಮನಶ್ಶಾಸ್ತ್ರಜ್ಞ ತನ್ನ ಮೂರು ಮಕ್ಕಳು ಆಡುವುದನ್ನೇ ಕೂತು ನೋಡಿ ಬರೆದಿಟ್ಟವರು. ಅವರ ಮಗನೂ ಕೂಸಾಗಿದ್ದಾಗ ಇದೇ ಕೆಲಸ ಮಾಡುತ್ತಿದ್ದನಂತೆ. ಕೈಯನ್ನು ಒಂದು ಸಲ ಮೇಲೆ, ಒಂದು ಸಲ ಪಕ್ಕಕ್ಕೆ ಚಾಚಿ ವಸ್ತು ಬಿಡುವುದು, ಎಲ್ಲಿ ಬಿತ್ತು ಅಂತ ನೋಡುವುದು. ಪಿಯಾಜೆ ಅದನ್ನು ಪ್ರಯೋಗ ಅಂದರು. "ನೀವು ಎತ್ತಿಕೊಡ್ತಾ ಇದ್ರಲ್ಲ, ನೀವು ಲ್ಯಾಬ್ ಅಟೆಂಡರ್" ಅಂದಳು ಇವಳು.

ಪತ್ತೆ ಮಾಡುವ ವಿಧಾನ ನಾನೇ ಕಂಡುಕೊಂಡದ್ದು. ಬೀಳಿಸಿದ ಮೇಲೆ ಮಗು ಎಲ್ಲಿ ನೋಡುತ್ತದೆ ಗಮನಿಸಿ. ನೆಲ ನೋಡಿದರೆ ಚಮಚದ ಮೇಲೆ ಪ್ರಯೋಗ. ನಿಮ್ಮ ಮುಖ ನೋಡಿದರೆ ಪ್ರಯೋಗ ನಿಮ್ಮ ಮೇಲೆ. ಮೊದಲನೆಯದಕ್ಕೆ ಕೆಳಗೊಂದು ಹಳೇ ಪೇಪರ್ ಹಾಸಿದರೆ ಸಾಕು. ಎರಡನೆಯದಕ್ಕೆ ಮುಖದಲ್ಲಿ ಏನೂ ತೋರಿಸದೆ ತಟ್ಟೆ ಎತ್ತಿಬಿಡಬೇಕು. ಹಸಿವಿದ್ದರೆ ಮತ್ತೆ ಕೇಳುತ್ತದೆ.

ಲಕ್ಷಣ: ಗೋಡೆ ಮೇಲೆ ಚಿತ್ರ

ಬಾಡಿಗೆ ಮನೆಯವರಿಗೆ ಒಂದು ಸಮಾಧಾನ. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಹೇಗೂ ಹಿಡಿದುಕೊಳ್ಳುತ್ತಾರೆ. ಪೂರ್ತಿ ದುಡ್ಡಿಗೆ ಗೋಡೆ ಬಳಸಿಕೊಂಡ ಹಾಗಾಯಿತು.

ಅಳಿಸಲೇಬೇಕು ಅಂದರೆ ಮೊದಲು ಗೋಡೆಗೆ ಬಳಿದದ್ದು ಏನು ಅಂತ ತಿಳಿಯಬೇಕು. ಬಾಗಿಲ ಹಿಂದೆ, ಯಾರಿಗೂ ಕಾಣದ ಕಡೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಪುಡಿ ಪುಡಿಯಾಗಿ ಬಣ್ಣ ಬಂದರೆ ಅದು ಡಿಸ್ಟೆಂಪರ್. ಅಲ್ಲಿಗೆ ನಿಲ್ಲಿಸಿ. ಡಿಸ್ಟೆಂಪರ್ ಗೋಡೆಯಲ್ಲಿ ಚಿತ್ರ ಅಳಿಸಲು ಹೋದರೆ ಚಿತ್ರದ ಜೊತೆ ಬಣ್ಣವೂ ಬಂದು, ಬಸಳೆ ಎಲೆ ಗಾತ್ರದ ಕಲೆ ಬಾಳೆ ಎಲೆಯಷ್ಟಾಗುತ್ತದೆ. ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ ಸುಮ್ನಿರುವುದು ಲೇಸು. ಪುಡಿ ಬರಲಿಲ್ಲವಾ, ಎಮಲ್ಷನ್ ಇರಬೇಕು, ತೊಳೆಯಬಹುದು.

ಇನ್ನು ಗೀಚಿದ್ದು ಯಾವುದರಲ್ಲಿ? ಸ್ಕೆಚ್ ಪೆನ್ ಆದರೆ ನೀರೇ ಸಾಕಾಗುತ್ತದೆ. ಕ್ರೇಯಾನ್ ಅಂದರೆ ಮೇಣ, ನೀರಿಗೆ ಜಗ್ಗುವುದಿಲ್ಲ. ಒದ್ದೆ ಬಟ್ಟೆಗೆ ಅಡುಗೆ ಸೋಡಾ ಚಿಮುಕಿಸಿ ಮೆಲ್ಲಗೆ ಸುತ್ತಿಸಿ ಸುತ್ತಿಸಿ ಉಜ್ಜಬೇಕು. ಬಾಲ್ ಪೆನ್, ಪರ್ಮನೆಂಟ್ ಮಾರ್ಕರಿಗೆ ಸ್ಯಾನಿಟೈಸರ್ ಹಾಕಿದ ಹತ್ತಿಯಲ್ಲಿ ಒತ್ತಿ ಒತ್ತಿ ತೆಗೆಯಬೇಕು. ಉಜ್ಜಿದರೆ ಹರಡುತ್ತದೆ. ಕೊರೋನಾ ಕಾಲದಲ್ಲಿ ತಂದ ಬಾಟಲಿ ಕೊನೆಗೂ ಒಂದು ಕೆಲಸಕ್ಕೆ ಬಂತು.

ಪುಟ್ಟಿ ಸೋಫಾ ಹಿಂದೆ ನೇರಳೆ ಕ್ರೇಯಾನಿನಲ್ಲಿ ಒಂದು ದೊಡ್ಡ ಸೊನ್ನೆ ಬರೆದು, ಒಳಗೆ ಎರಡು ಚುಕ್ಕಿ ಇಟ್ಟು, ಸೊನ್ನೆಯಿಂದಲೇ ಎರಡು ಕಾಲು ಇಳಿಸಿದ್ದಳು. ಹೊಟ್ಟೆಯಿಲ್ಲ, ಕೈಯಿಲ್ಲ. ಈ ವಯಸ್ಸಿನ ಮಕ್ಕಳು ಮನುಷ್ಯರನ್ನು ಹೀಗೇ ಬರೆಯುತ್ತಾರೆ, ಇದಕ್ಕೆ ಗೊದಮೊಟ್ಟೆ ಚಿತ್ರ ಅಂತಲೇ ಹೆಸರಿದೆ, ಇದು ಹೆಂಡತಿ ಕೊಟ್ಟ ಮಾಹಿತಿ. "ಯಾರಿದು?" ಅಂತ ಕೇಳಿದೆ. "ಅಪ್ಪ." "ಅಪ್ಪಂಗೆ ಕೂದಲು?" ಅವಳು ನನ್ನ ತಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಿತ್ರ ನೋಡಿದಳು. ಏನೂ ಸೇರಿಸಲಿಲ್ಲ.

ಲಕ್ಷಣ: ಬಟ್ಟೆಯ ಕಲೆ ಹಳದಿಯಿಂದ ಕೆಂಪಾಯಿತು

ಬಿಳಿ ಫ್ರಾಕಿನ ಮೇಲೆ ಬಿಸಿಬೇಳೆಬಾತ್ ಬಿತ್ತು. ನಾನು ಜಾಣತನ ತೋರಿಸಿ ಬಾರ್ ಸೋಪು ತಿಕ್ಕಿದೆ. ಹಳದಿ ಕಲೆ ಕಣ್ಣೆದುರೇ ರಕ್ತದ ಹಾಗೆ ಕೆಂಪಾಯಿತು. ಫ್ರಾಕು ಹಾಳಾಯಿತು ಅಂತ ಅಮ್ಮನಿಗೆ ಫೋನ್ ಮಾಡಿದೆ.

"ಆರತಿ ತಟ್ಟೆಯ ಅರಿಶಿನ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗಲ್ವೇನೋ? ಹಂಗೇ ಇದೂ. ತೊಳೆದು ಬಿಸಿಲಿಗೆ ಹಾಕು."

ಅಷ್ಟೇ ವಿಷಯ. ಅರಿಶಿನದ ಬಣ್ಣಕ್ಕೆ ಸುಣ್ಣವಾಗಲಿ ಸೋಪಾಗಲಿ, ಕ್ಷಾರ ತಾಗಿದರೆ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆಮೇಲೆ ಆ ಬಣ್ಣವನ್ನು ಮುರಿಯುವುದು ಬಿಸಿಲು. ಒದ್ದೆ ಇರುವಾಗಲೇ ಹೊರಗೆ ಹಾಕಿದೆ, ಎರಡು ದಿನದ ಬಿಸಿಲಿಗೆ ಕಲೆ ಮಾಯ. ಫ್ರಾಕು ಈಗಲೂ ಇದೆ, ಮೇಲೆ ಬೇರೆ ಕಲೆಗಳಿವೆ.

ಹಲಸಿನ ಮೇಣ ಕೂದಲಿಗೆ ಅಂಟಿದರೆ ಕತ್ತರಿ ಬೇಡ, ಕೊಬ್ಬರಿ ಎಣ್ಣೆ. ಬಾಳೆ ದಿಂಡಿನ ರಸ ಬಟ್ಟೆಗೆ ತಾಗಿದರೆ ಆಸೆ ಬಿಡಿ. ಆ ಬಟ್ಟೆ ಇನ್ನು ಮೇಲೆ ಮನೆ ಬಟ್ಟೆ.

ಕೆಂಪು ದೀಪ: ಇಲ್ಲಿ ನಗು ಇಲ್ಲ

ಕೆಲವು ಕಂಪ್ಲೇಂಟುಗಳಿಗೆ ಮೆಷಿನ್ ತಕ್ಷಣ ಆಫ್ ಮಾಡಬೇಕು ಅಂತ ನಮ್ಮ ಶೀಟಿನಲ್ಲಿ ಕೆಂಪು ಅಕ್ಷರದಲ್ಲಿ ಇರುತ್ತದೆ. ಇಲ್ಲೂ ಅಂಥವಿವೆ.

ಆಟಿಕೆ, ಚಿಕ್ಕ ರಿಮೋಟ್, ಗಡಿಯಾರದೊಳಗಿನ ಬಟನ್ ಬ್ಯಾಟರಿ ನುಂಗಿದ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಿ. ವಾಂತಿ ಮಾಡಿಸಲು ಹೋಗಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಗಾಯ ಮಾಡುತ್ತದೆ. ಬ್ಯಾಟರಿ ಕೆಲಸ ಮಾಡುವ ನನಗೆ ಇದೊಂದರ ಭಯ ಜಾಸ್ತಿ. ನುಸಿಗುಳಿಗೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮಿಂಟ್ ಹಾಗೆ ಕಾಣುತ್ತದೆ, ಅದು ವಿಷ, ಬೀರುವಿನ ಕೆಳ ಖಾನೆಯಲ್ಲಿ ಇಡಬೇಡಿ. ಮೂಗಿನ ಒಂದೇ ಹೊಳ್ಳೆಯಿಂದ ನಾತದ ಸಿಂಬಳ ಬರುತ್ತಿದ್ದರೆ ಅದು ನೆಗಡಿಯಲ್ಲ, ಒಳಗೆ ಕಡಲೆಯೋ ಮಣಿಯೋ ಕೂತಿರಬಹುದು. ಕಾಳು ಒದ್ದೆಯಾದಷ್ಟೂ ಊದುತ್ತದೆ. ಪಿನ್ನು ಹಾಕಿ ಕೆದಕಬೇಡಿ, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ. ಒಂದು ಸಲ ಮಣ್ಣು ಬಾಯಿಗಿಟ್ಟರೆ ಆಟ. ದಿನಾ ಹುಡುಕಿಕೊಂಡು ಹೋಗಿ ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಬಚ್ಚಲಲ್ಲಿ ತುಂಬಿದ ಬಕೆಟ್ ಬಿಟ್ಟು ಬರಬೇಡಿ. ಕೆಲವೇ ಇಂಚು ನೀರಿದ್ದರೂ ಅಪಾಯವೇ.

ಲಕ್ಷಣ: ರಿಪೇರಿ ಮಾಡಿದಷ್ಟೂ ಜಾಸ್ತಿಯಾಗುತ್ತಿದೆ

ಒಂದು ರಾತ್ರಿ ಪುಟ್ಟಿ ಬಾಯಿ ತುಂಬ ರಾಗಿ ಗಂಜಿ ಇಟ್ಟುಕೊಂಡು ಬುರ್ರ್ ಅಂತ ಊದಿದಳು. ಎದುರಿಗೆ ಕೂತಿದ್ದ ಅಪ್ಪನ ಕನ್ನಡಕದ ಎರಡೂ ಗಾಜು ಮುಚ್ಚಿಹೋದವು. ಅಪ್ಪ ಕದಲಲಿಲ್ಲ. "ಕರೆಂಟ್ ಹೋಯ್ತಾ?" ಅಂದರು. ಮನೆಯೆಲ್ಲ ಬಿದ್ದು ಬಿದ್ದು ನಕ್ಕೆವು.

ಅದರ ಬಿಲ್ಲು ಮೂರು ವಾರ ಕಟ್ಟಿದೆವು. ಪ್ರತಿ ಊಟಕ್ಕೂ ಬುರ್ರ್. ಊದಿ, ಸಾಲಾಗಿ ಎಲ್ಲರ ಮುಖ ನೋಡುವಳು. ಗದರಿಸಿದರೂ ಉಪಯೋಗವಿಲ್ಲ. ಅವಳಿಗೆ ಗದರಿಕೆಯೂ ಚಪ್ಪಾಳೆಯೇ. ದೋಷ ಬಾಯಲ್ಲಿರಲಿಲ್ಲ, ನಾವು ಕೊಟ್ಟ ಸಪ್ಲೈಯಲ್ಲಿತ್ತು.

ಹಾಗಂತ ನಗದೇ ಇರಲಾಗುತ್ತದಾ? ನಗಬೇಕು, ಆದರೆ ಜಾಗ ನೋಡಿಕೊಂಡು. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು, ತಲೆ ಒಳಗೆ ಹಾಕಿ, ಮೊಸರಿನ ಪಾತ್ರೆ ಹುಡುಕುವವಳ ಹಾಗೆ ನಗುತ್ತಾಳೆ. ಭುಜ ಮಾತ್ರ ಕುಲುಕುತ್ತದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗುತ್ತಾರೆ. ನಾನು ಬಗ್ಗಿ ಚಪ್ಪಲಿ ಹುಡುಕುತ್ತೇನೆ. ಪ್ರೇಕ್ಷಕರೇ ಇಲ್ಲದ ಮೇಲೆ ನಾಟಕ ನಾಲ್ಕನೇ ವಾರಕ್ಕೆ ನಿಂತಿತು. ಅಪ್ಪ ಈಗಲೂ ಊಟಕ್ಕೆ ಕೂರುವಾಗ ಕನ್ನಡಕ ತೆಗೆದಿಡುತ್ತಾರೆ.

ಲಕ್ಷಣ: ಕೆಲವೊಮ್ಮೆ ತಮಾಷೆ, ಕೆಲವೊಮ್ಮೆ ತಡೆಯಲಾಗದ ಸಿಟ್ಟು

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಬಂದು ಹೋಗುವ ದೋಷ. ಇದಕ್ಕೆ ಲಾಗ್ ಬರೆಯುವುದೊಂದೇ ದಾರಿ. ಎರಡು ವಾರ ಬರೆದೆ. ಏನು ಚೆಲ್ಲಿತು, ಎಷ್ಟು ಹೊತ್ತಿಗೆ, ನಾನು ನಕ್ಕೆನಾ ಬೈದೆನಾ.

ಹದಿನಾಲ್ಕು ಸಲ ಬೈದಿದ್ದೆ. ಅದರಲ್ಲಿ ಹನ್ನೊಂದು ಬೆಳಗ್ಗೆ 8ರಿಂದ 9ರ ಒಳಗೆ. ಭಾನುವಾರ ಅವಳು ಹಾಲಿನ ಲೋಟದಲ್ಲಿ ಇಡ್ಲಿ ಮುಳುಗಿಸಿ "ಈಜ್ತಾ ಇದೆ" ಅಂದಾಗ ಫೋಟೋ ತೆಗೆದಿದ್ದೇನೆ. ಮಂಗಳವಾರ 8:40ಕ್ಕೆ ಅದೇ ಲೋಟ, ಅದೇ ಇಡ್ಲಿ. ಕೂಗಾಡಿದ್ದೇನೆ. ಮೆಷಿನ್ನಿನ ಔಟ್‌ಪುಟ್ ಎರಡು ದಿನವೂ ಒಂದೇ. ಓವರ್‌ಲೋಡ್ ಆಗಿದ್ದು ನಾನು.

ರಿಪೇರಿಗೆ ದುಡ್ಡು ಖರ್ಚಾಗಲಿಲ್ಲ. ಮೊದಲೆಲ್ಲ ಸ್ನಾನ ಆದ ಕೂಡಲೇ ಇಸ್ತ್ರಿ ಶರ್ಟು ಹಾಕಿಕೊಂಡು ತಿಂಡಿಗೆ ಕೂರುತ್ತಿದ್ದೆ. ಈಗ ಬನಿಯನ್ನಿನಲ್ಲೇ ತಿನ್ನಿಸಿ, ತಿಂದು, ಟಾಟಾ ಮಾಡಿಸಿಕೊಂಡು, ಕೊನೆಗೆ ಶರ್ಟು ಹಾಕಿ ಹೊರಡುತ್ತೇನೆ. ಬನಿಯನ್ನಿನ ಮೇಲೆ ಚಟ್ನಿ ಬಿದ್ದರೆ ಯಾರಿಗೆ ಸಿಟ್ಟು ಬರುತ್ತದೆ?

ಇನ್ನೂ ಸಹಿ ಆಗದ ಕಂಪ್ಲೇಂಟ್: ಪರದೆಗೆ ಕೈ ಒರೆಸುವುದು

ಊಟ ಆದ ಮೇಲೆ ಪುಟ್ಟಿ ಕೈಯನ್ನು ಹಾಲಿನ ಪರದೆಗೆ ಒರೆಸುತ್ತಾಳೆ. ಕೆನೆ ಬಣ್ಣದ ಪರದೆ, ಮದುವೆಯ ವರ್ಷ ತಂದದ್ದು. ಕೈಗೆ ಟವೆಲ್ ಕೊಟ್ಟು ನೋಡಿದೆ. ಹಾಡಿ ನೋಡಿದೆ. ಪರದೆಯನ್ನು ಎತ್ತಿ ಗಂಟು ಹಾಕಿಯೂ ನೋಡಿದೆ, ಗಂಟಿಗೇ ಒರೆಸಿದಳು.

ಹೋದ ಶನಿವಾರ ಹೆಂಡತಿ ನನ್ನನ್ನು ಪರದೆ ಹತ್ತಿರ ಕರೆದಳು. ಕೈಯಲ್ಲಿ ಟೇಪು. "ಇಂಜಿನಿಯರ್ ಸಾಹೇಬರೇ, ಅಳತೆ ತಗೊಳ್ಳಿ" ಅಂದಳು. ನೆಲದಿಂದ ಎರಡೂಕಾಲು ಅಡಿ ಎತ್ತರದಲ್ಲಿ ಸಣ್ಣ ಸಣ್ಣ ಬೆರಳಿನ ಗುರುತು, ಸಾರು, ತುಪ್ಪ, ಮಾವಿನಹಣ್ಣು. ಅವಳು ಟೇಪನ್ನು ಮೇಲಕ್ಕೆಳೆದಳು. ಪರದೆಯ ಮಡಿಕೆಯ ಒಳಭಾಗದಲ್ಲಿ, ಮೂರೂವರೆ ಅಡಿ ಎತ್ತರದಲ್ಲಿ, ಇನ್ನೊಂದು ಸಾಲು. ಬೆರಳು ದಪ್ಪ. ಕಲೆ ಹಳೆಯದು.

"ಇದು ಯಾರದು? ಪುಟ್ಟಿ ಏಣಿ ಹಾಕಿದ್ಲಾ?"

ನಾನು ಚಪ್ಪಲಿ ಹುಡುಕಲು ಬಗ್ಗಿದೆ. ಹಿಂದೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿಸಿತು.

ಭಾನುವಾರ ಕೈ ತೊಳೆಯುವ ಜಾಗದ ಪಕ್ಕ ಎರಡು ಮೊಳೆ ಹೊಡೆದೆ, ಒಂದು ಎರಡೂಕಾಲು ಅಡಿಗೆ, ಇನ್ನೊಂದು ಮೂರೂವರೆಗೆ. ಎರಡಕ್ಕೂ ಒಂದೊಂದು ಟವೆಲ್. ಕೆಳಗಿನ ಟವೆಲ್ ಮೂರು ದಿನದಿಂದ ಒದ್ದೆಯಾಗುತ್ತಿದೆ. ಮೇಲಿನದು ಇನ್ನೂ ಒಣಗೇ ಇದೆ ಅಂತ ಪುಟ್ಟಿ ಅಮ್ಮನಿಗೆ ವರದಿ ಒಪ್ಪಿಸಿದ್ದಾಳೆ.